ಚಾರ್ಮಾಡಿಯ ಹೆಸರಿಲ್ಲದ ಜಲಧಾರೆಗಳು

ಉಜಿರೆ ದಾಟಿ ಚಾರ್ಮಾಡಿ ಊರು ಸಿಗುವವರೆಗೆ ಇದು ಕರಾವಳಿಯ ಉಳಿದ ರಸ್ತೆಗಳ ಹಾಗೆಯೇ. ಅಡಿಕೆ ತೋಟ, ರಬ್ಬರ್ ಮರಗಳ ಸಾಲು, ಬಸ್ಸಿಗೆ ಕೊಡೆ ಹಿಡಿದು ನಿಂತ ಶಾಲೆ ಮಕ್ಕಳು. ಊರು ಮುಗಿದು ಘಾಟಿ ಶುರುವಾದೊಡನೆ ಡ್ರೈವರು ಗೇರು ಬದಲಿಸುತ್ತಾನೆ, ಬಸ್ಸು ಮುಲುಗಲು ತೊಡಗುತ್ತದೆ. ಒಂದು ಬದಿಗೆ ಕಪ್ಪು ಬಂಡೆ, ಇನ್ನೊಂದು ಬದಿಗೆ ಮಂಜು ತುಂಬಿದ ಕಮರಿ. ಇಲ್ಲಿಂದ ಕೊಟ್ಟಿಗೆಹಾರದವರೆಗೆ 20 ಕಿ.ಮೀ.ಗೂ ಹೆಚ್ಚು ದೂರ ದಕ್ಷಿಣ ಕನ್ನಡವು ಮೆಲ್ಲಮೆಲ್ಲನೆ ಚಿಕ್ಕಮಗಳೂರು ಜಿಲ್ಲೆಯಾಗಿ ಬದಲಾಗುತ್ತದೆ.

ಜುಲೈ, ಆಗಸ್ಟ್ ತಿಂಗಳಲ್ಲಿ ಈ ದಾರಿಯಲ್ಲಿ ಎಷ್ಟು ಜಲಪಾತಗಳಿವೆ ಎಂದು ಕೇಳಿದರೆ ಉತ್ತರ ಹೇಳುವುದು ಕಷ್ಟ. ಅಲೇಖಾನ್‌ನಂಥ ಒಂದೆರಡಕ್ಕೆ ಹೆಸರಿದೆ. ಉಳಿದವು ನಿನ್ನೆ ರಾತ್ರಿಯ ಮಳೆಗೆ ಹುಟ್ಟಿದಂಥವು. ತಿರುವಿಗೊಂದು, ಕೆಲವೆಡೆ ತಿರುವಿಗೆ ಮೂರು. ಬಂಡೆಯ ನೆತ್ತಿಯಿಂದ ಇಳಿದು, ಚರಂಡಿಗೆ ಬಿದ್ದು, ಮೋರಿಯಡಿ ನುಗ್ಗಿ, ಆಚೆಗಿನ ಕಮರಿಗೆ ಹಾರಿ ಮಾಯವಾಗುತ್ತವೆ. ಕೊನೆಗೆ ಎಲ್ಲವೂ ಸೇರುವುದು ನೇತ್ರಾವತಿಯನ್ನೇ. ಜೋಗವನ್ನು ನೋಡಲು ಜನ ಜೋಗಕ್ಕೇ ಹೋಗುತ್ತಾರೆ. ಚಾರ್ಮಾಡಿಯ ಧಾರೆಗಳು ಹಾಗಲ್ಲ. ಬೇರೆಲ್ಲಿಗೋ ಹೊರಟವರ ಕಣ್ಣಿಗೆ ತಾವಾಗಿ ಬೀಳುತ್ತವೆ.

ಹಾಗೆ ಬೇರೆಲ್ಲಿಗೋ ಹೊರಟಿದ್ದ ಒಂದು ಕುಟುಂಬದ ಕಾರು ಮಳೆಗಾಲದ ಒಂದು ಬೆಳಗ್ಗೆ ಘಾಟಿ ಏರುತ್ತಿತ್ತು. ಹಿಂದಿನ ಸೀಟಿನಲ್ಲಿದ್ದ ಮಗಳು ಎರಡನೇ ಪಿ.ಯು.ಸಿ. ವಿದ್ಯಾರ್ಥಿನಿ, ಮುಂದಿನ ಬೇಸಿಗೆಯಲ್ಲಿ ಸಿ.ಇ.ಟಿ. ಬರೆಯಬೇಕಾದವಳು. ಚಿತ್ರಕಲೆ ಓದುತ್ತೇನೆ ಎಂದು ಆಕೆ ಮನೆಯಲ್ಲಿ ಹೇಳಿ ವಾರವಾಗಿತ್ತು. ತಂದೆ ಬೈಯಲಿಲ್ಲ, ಒಪ್ಪಲೂ ಇಲ್ಲ. ಆ ವಿಷಯ ತೆಗೆದಾಗಲೆಲ್ಲ ರೇಡಿಯೋದ ದನಿ ಏರಿಸುತ್ತಿದ್ದರು, ಅಷ್ಟೆ. ಇಂಥ ಮೌನ ಎಷ್ಟೋ ಮನೆಗಳಲ್ಲಿ ಪರಿಚಿತವಾದದ್ದೇ. ಅಂದು ಅವಳ ಕಾಲಡಿ ಒಂದು ಡ್ರಾಯಿಂಗ್ ಬೋರ್ಡ್ ಇತ್ತು, ಪ್ಲಾಸ್ಟಿಕ್ ಚೀಲದಲ್ಲಿ ಜಲವರ್ಣದ ಡಬ್ಬಿ.

ಅಣ್ಣಪ್ಪ ಸ್ವಾಮಿ ಗುಡಿಯ ಬಳಿ ಎಲ್ಲರಂತೆ ಇವರೂ ಇಳಿದು ಕೈಮುಗಿದರು. ಅಲ್ಲಿಂದ ಮೇಲಕ್ಕೆ, ರಸ್ತೆ ಕೊಂಚ ಅಗಲವಾದ ಒಂದೆಡೆ, ತಾಯಿಗೆ ತಲೆ ಸುತ್ತಿದ್ದರಿಂದ ಕಾರು ನಿಂತಿತು. ಎದುರಿಗೆ ಮೂರಾಳೆತ್ತರದ ಒಂದು ಧಾರೆ. ಮಗಳು ಬೋರ್ಡ್ ತೆಗೆದಳು.

ಕೋಣೆಯಲ್ಲಿ ಕುಳಿತು ಕ್ಯಾಲೆಂಡರ್ ನೋಡಿ ಜಲಪಾತ ಬರೆಯುವುದು ಸುಲಭ. ನೀಲಿ ಆಕಾಶ, ಹಸಿರು ಬೆಟ್ಟ, ನಡುವೆ ಬಿಳಿ ಪಟ್ಟಿ. ಚಾರ್ಮಾಡಿಯಲ್ಲಿ ಮಳೆಗಾಲದ ಆಕಾಶ ನೀಲಿಯಾಗಿರುವುದು ಅಪರೂಪ. ಬೆಟ್ಟವೋ, ಎರಡು ನಿಮಿಷ ಕಂಡರೆ ಐದು ನಿಮಿಷ ಕಾಣದು. ಮಂಜು ಪರದೆ ಎಳೆದಾಗ ಕುಂಚ ಕೆಳಗಿಟ್ಟು ಕಾಯಬೇಕು. ಮತ್ತೆ ಸರಿದಾಗ ಬೆಳಕು ಬದಲಾಗಿರುತ್ತದೆ, ನೀರಿನ ದಪ್ಪವೂ. ಜಲವರ್ಣ ಬಳಸುವವರಿಗೆ ಇನ್ನೊಂದು ಫಜೀತಿ: ಗಾಳಿಯ ತುಂಬ ತೇವವಿರುವಾಗ ಹಚ್ಚಿದ ಬಣ್ಣ ಒಣಗುವುದೇ ಇಲ್ಲ. ಒಂದರ ಮೇಲೊಂದು ಹಚ್ಚಿದರೆ ಎಲ್ಲ ಕಲಸಿ ಕೆಸರಾಗುತ್ತದೆ. ಅನುಭವಸ್ಥರು ಇಲ್ಲಿ ಪೆನ್ಸಿಲ್ಲು, ಮೇಣದ ಬಳಪ ನೆಚ್ಚುತ್ತಾರೆ. ನೀರು ಬೀಳುವ ಜಾಗದಲ್ಲಿ ಮೊದಲು ಬಿಳಿ ಮೇಣ ಎಳೆದು ಮೇಲೆ ಬಣ್ಣ ಹಚ್ಚಿದರೆ, ಮೇಣವಿದ್ದಲ್ಲಿ ಬಣ್ಣ ನಿಲ್ಲದೆ ಕಾಗದದ ಬಿಳುಪು ಉಳಿಯುತ್ತದೆ. ಬಿಳಿ ಬಣ್ಣದ ಟ್ಯೂಬೇ ಬೇಡ.

ಹುಡುಗಿಗೆ ಇದು ಗೊತ್ತಿರಲಿಲ್ಲ. ಮೊದಲ ಕಾಗದ ಹಾಳಾಯಿತು. ಎರಡನೆಯದರ ಮೇಲೆ ಮರದ ಎಲೆಯಿಂದ ಹನಿಗಳುದುರಿ ಇಂಡಿಗೋ ಬಣ್ಣದಲ್ಲಿ ಸಿಡುಬಿನ ಕಲೆಗಳಂತೆ ಗುಂಡು ಗುರುತುಗಳು ಮೂಡಿದವು. ಮೂರನೆಯದನ್ನು ಶುರುಮಾಡಿದಾಗ ತಂದೆ ಕೊಡೆ ಹಿಡಿದು ಬಂದು ಬೋರ್ಡಿನ ಮೇಲೆ ಚಾಚಿ ನಿಂತರು. ಮಗಳು ನೆನೆಯುತ್ತಿದ್ದಳು, ಬೋರ್ಡು ನೆನೆಯಲಿಲ್ಲ.

ಸ್ವಲ್ಪ ಹೊತ್ತು ನೋಡಿ ಅವರು ಕೇಳಿದರು, “ನೀರು ಬೆಳ್ಳಗೆ ತಾನೇ ಇರೋದು, ಇಲ್ಲಿ ಕೆಂಪು ಯಾಕೆ ಹಚ್ಚಿದ್ದೀಯ?”

“ಆ ಬದಿ ನೋಡಪ್ಪ. ಈ ಕಡೆ ಬೀಳೋದು ಬೆಳ್ಳಗಿದೆ. ಆ ಕಡೆಯದು ಚಹಾ ಥರ ಇದೆ.”

ನಿಜ. ಒಂದೇ ಬಂಡೆಯ ಎರಡು ಮಗ್ಗುಲಲ್ಲಿ ಎರಡು ಬಣ್ಣದ ನೀರು. ಮೇಲಿನ ಹುಲ್ಲುಗಾವಲು, ಶೋಲಾ ಕಾಡುಗಳಲ್ಲಿ ಸೋಸಿ ಬಂದ ನೀರು ತಿಳಿಯಾಗಿ ಬಂದು, ಬಂಡೆಗೆ ಬಡಿದು ನೊರೆಯಾಗಿ ಬೆಳ್ಳಗೆ ಕಾಣುತ್ತದೆ. ಮಣ್ಣು ಬಯಲಾದ ಕಡೆಯಿಂದ ಇಳಿಯುವ ನೀರು ಮಣ್ಣನ್ನೂ ಹೊತ್ತು ತರುತ್ತದೆ. 2019ರ ಆಗಸ್ಟ್‌ನ ಮಳೆಗೆ ಈ ಘಾಟಿಯ ಹಲವೆಡೆ ಗುಡ್ಡ ಜರಿದು ರಸ್ತೆ ಮುಚ್ಚಿತ್ತು. ತಿಂಗಳುಗಟ್ಟಲೆ ಜನ ಸುತ್ತು ದಾರಿ ಹಿಡಿಯಬೇಕಾಯಿತು. ಕೆಂಪಾಗಿ ಬೀಳುವ ಧಾರೆ ಕಣ್ಣಿಗೆ ಚೆಂದವೇ, ಆದರೆ ಮೇಲೆಲ್ಲೋ ಗುಡ್ಡ ಕರಗುತ್ತಿದೆ ಎಂಬ ಸುದ್ದಿಯೂ ಅದರಲ್ಲಿರಬಹುದು. ಓಡುವ ಕಾರಿನ ಕಿಟಕಿಯಿಂದ ತೆಗೆದ ಫೋಟೋದಲ್ಲೂ ಆ ಬಣ್ಣ ಬಿದ್ದಿರುತ್ತದೆ, ನಿಂತು ನೋಡುವವರು ಕಡಿಮೆ.

ದಾರಿಯಲ್ಲಿ ಸಿಗುವ ಜಲಪಾತಗಳನ್ನು ಬರೆದವರಲ್ಲಿ ಜಪಾನಿನ ಹೊಕುಸಾಯ್ ಹೆಸರು ದೊಡ್ಡದು. ಸುಮಾರು 1833ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ನಾನಾ ಪ್ರಾಂತ್ಯಗಳ ಎಂಟು ಜಲಪಾತಗಳ ಮರಮುದ್ರಣ ಚಿತ್ರಮಾಲೆಯೊಂದನ್ನು ಆತ ರಚಿಸಿದ. ಅವುಗಳಲ್ಲಿ ಕೆಲವು ತೊಕಾಯ್ದೊ, ಕಿಸೊಕಾಯ್ದೊ ಎಂಬ ಹೆದ್ದಾರಿಗಳ ಮಗ್ಗುಲಿನವು. ಬೇರೆ ಬೇರೆ ಊರಿನ ನೀರು ಬೇರೆ ಬೇರೆ ಥರ ಬೀಳುತ್ತದೆ ಎಂಬುದನ್ನು ಆತ ಎಷ್ಟು ಗಮನವಿಟ್ಟು ನೋಡಿದ್ದ ಎನ್ನುವುದು ಚಿತ್ರಗಳಲ್ಲೇ ಇದೆ. ಯೋರೊ ಜಲಪಾತ ಗೋಡೆಯಂತೆ ನೇರವಾಗಿ ಇಳಿಯುತ್ತದೆ. ಕಿರಿಫುರಿಯದು ದೊಡ್ಡ ಮರದ ಬೇರುಗಳಂತೆ ಕವಲೊಡೆದು ಬಂಡೆಯನ್ನು ಅಪ್ಪಿದೆ. ಕೆಳಗೆ ನಿಂತ ದಾರಿಹೋಕರು ಕತ್ತೆತ್ತಿ ನೋಡುತ್ತಿದ್ದಾರೆ. ಆ ಕಾಲಕ್ಕೆ ಯೂರೋಪಿನಿಂದ ಬಂದು ಜಪಾನಿನಲ್ಲಿ ಹೊಸದಾಗಿ ಜನಪ್ರಿಯವಾಗಿದ್ದ ಪ್ರಷ್ಯನ್ ನೀಲಿಯನ್ನು ಆತ ಧಾರಾಳವಾಗಿ ಬಳಸಿದ್ದಾನೆ. ಚಿತ್ರಕಲೆಯ ಮಕ್ಕಳು ಗ್ರಂಥಾಲಯದಲ್ಲಿ ಸಿಕ್ಕಿದರೆ ಇವನ್ನು ನೋಡಬೇಕು.

ಚಾರ್ಮಾಡಿಗೆ ಬರುವ ಮಕ್ಕಳಿಗೂ ಹೆತ್ತವರಿಗೂ ಒಂದು ಎಚ್ಚರಿಕೆ. ಪಾಚಿ ಕಟ್ಟಿದ ಈ ಬಂಡೆಗಳನ್ನು ಹತ್ತಿ ಜಾರಿ ಪ್ರಾಣ ಕಳೆದುಕೊಂಡವರಿದ್ದಾರೆ. ತಿರುವಿನಲ್ಲಿ ಗಾಡಿ ನಿಲ್ಲಿಸಿದರೆ ಮಂಜಿನಲ್ಲಿ ಬರುವ ಲಾರಿಗೆ ಕಾಣದು. ರಸ್ತೆ ಅಗಲವಿರುವಲ್ಲಿ ಮಾತ್ರ ನಿಲ್ಲಿಸಿ, ಪೊಲೀಸರು ಬೇಡವೆಂದಲ್ಲಿ ನಿಲ್ಲಲೇಬೇಡಿ. ಚಿತ್ರ ಬರೆಯಲು ಬಂಡೆ ಹತ್ತುವ ಅಗತ್ಯವೇನೂ ಇಲ್ಲ, ದೂರದಿಂದಲೇ ಧಾರೆಯ ಆಕಾರ ಚೆನ್ನಾಗಿ ಸಿಗುತ್ತದೆ. ಎರಡು ಟವೆಲ್, ಕಾಗದ ಮುಚ್ಚಲು ಪ್ಲಾಸ್ಟಿಕ್, ಜಿಗಣೆಗೆ ಒಂದಿಷ್ಟು ಉಪ್ಪು ಜೊತೆಗಿರಲಿ. ಪ್ಲಾಸ್ಟಿಕ್ ಮಾತ್ರ ಮನೆಗೆ ವಾಪಸು ಬರಬೇಕು.

ಮೂರನೆಯ ಚಿತ್ರ ಮುಗಿಯುವಷ್ಟರಲ್ಲಿ ಒಂದೂವರೆ ಗಂಟೆಯಾಗಿತ್ತು. ಚಿತ್ರದ ಕೆಳಗೆ ಹೆಸರು ಬರೆಯಬೇಕು. ಜಲಪಾತಕ್ಕೆ ಹೆಸರಿಲ್ಲ. ಮಗಳು ದಿನಾಂಕ ಬರೆದು ಸುಮ್ಮನಾದಳು. ತಂದೆ ನಾಲ್ಕು ಹೆಜ್ಜೆ ನಡೆದು, ಮೈಲಿಗಲ್ಲಿನ ಪಾಚಿಯನ್ನು ಚಪ್ಪಲಿಯ ಅಂಚಿನಿಂದ ಕೆರೆದು, ಅದರ ಮೇಲಿನ ಸಂಖ್ಯೆ ಓದಿ ಹೇಳಿದರು. ಅವಳು ಅದನ್ನೇ ಬರೆದುಕೊಂಡಳು. ಕೊಟ್ಟಿಗೆಹಾರದ ಹೋಟೆಲಿನಲ್ಲಿ ಬಿಸಿ ನೀರುದೋಸೆ ತಿನ್ನುವಾಗ ಚಿತ್ರವನ್ನು ಪಕ್ಕದ ಖಾಲಿ ಕುರ್ಚಿಯ ಮೇಲೆ ಒಣಗಲು ಇಟ್ಟಿದ್ದರು. ಕಾಲೇಜಿನ ಮಾತು ಅಂದೂ ಬರಲಿಲ್ಲ.

ಶಿವರಾತ್ರಿಯ ಹೊತ್ತಿಗೆ ಇದೇ ಘಾಟಿಯಲ್ಲಿ ಧರ್ಮಸ್ಥಳಕ್ಕೆ ನಡೆದುಕೊಂಡು ಹೋಗುವವರ ಸಾಲು. ಹೆಗಲಿಗೆ ಚೀಲ, ಕಾಲಿಗೆ ಬಟ್ಟೆ ಸುತ್ತಿಕೊಂಡು ಊರೂರಿನವರು ಇಳಿಯುತ್ತಾರೆ. ಆಗ ಧಾರೆಗಳಿರುವುದಿಲ್ಲ. ಇದ್ದ ಜಾಗದಲ್ಲಿ ಬಂಡೆಯ ಮೇಲೆ ಕಪ್ಪು ಗೆರೆ, ಒಣಗಿ ಕಂದಾದ ಪಾಚಿ. ಆ ಕುಟುಂಬದ ಕಾರೂ ಆ ವಾರ ಅದೇ ದಾರಿಯಲ್ಲಿ ಬಂತು. ಮಗಳು ನಿದ್ದೆ ಹೋಗಿದ್ದಳು. ತಂದೆ ಮೈಲಿಗಲ್ಲುಗಳನ್ನು ನೋಡುತ್ತ ಬಂದು, ಒಂದರ ಬಳಿ ರಸ್ತೆ ಬದಿಗೆ ಕಾರು ತಂದು ನಿಲ್ಲಿಸಿದರು.

“ಎದ್ದೇಳು ಮಗಳೇ, ನಿನ್ನ ಜಾಗ ಬಂತು. ಬೋರ್ಡ್ ತಂದಿದ್ದೀಯ ತಾನೇ?”

ನೀರಿಲ್ಲದ ಬಂಡೆಯನ್ನು ಅವಳು ಅಂದು ಮೊದಲ ಸಲ ಸರಿಯಾಗಿ ಕಂಡಳು. ನೀರು ಎಲ್ಲಿ ಎರಡಾಗಿ ಒಡೆಯುತ್ತಿತ್ತು, ಎಲ್ಲಿ ಹಾರುತ್ತಿತ್ತು ಎಂಬುದೆಲ್ಲ ಕಲ್ಲಿನ ಸಂದುಗಳಲ್ಲಿ, ಚಾಚಿದ ಅಂಚುಗಳಲ್ಲಿ ಹಾಗೇ ಇತ್ತು. ಇದ್ದಿಲು ಹಿಡಿದು ಶುರುಮಾಡಿದಳು. ಕೊಡೆ ಈ ಸಲ ಬಿಸಿಲಿಗೆ ಬೇಕಾಯಿತು.