ಆರೋಪಕ್ಕೆ ಮುನ್ನ ಪರೀಕ್ಷೆ

ಮದುವೆಯೂಟ ಮಾಡಿದವರಿಗೆ ವಾಂತಿ-ಭೇದಿ ಶುರುವಾದರೆ ನಮ್ಮಲ್ಲಿ ಮೊದಲು ಬೈಗುಳ ತಿನ್ನುವವನು ಅಡುಗೆಯವನು. ನೀರೋ, ಮೊಸರೋ, ಮೊಟ್ಟೆಯೋ ಎಂದು ಯಾರೂ ವಿಚಾರಿಸುವುದಿಲ್ಲ.

ಆಗೆಲ್ಲ ನನಗೆ 2011ರ ಜರ್ಮನಿ ನೆನಪಾಗುತ್ತದೆ. ಇ. ಕೋಲಿ ಬ್ಯಾಕ್ಟೀರಿಯಾದ ಅಪಾಯಕಾರಿ ತಳಿಯೊಂದು ಅಲ್ಲಿ 50ಕ್ಕೂ ಹೆಚ್ಚು ಜನರನ್ನು ಬಲಿ ಪಡೆಯಿತು. ಹ್ಯಾಂಬರ್ಗಿನ ಅಧಿಕಾರಿಗಳು ಸ್ಪೇನಿನ ಸೌತೆಕಾಯಿಯತ್ತ ಬೆಟ್ಟು ಮಾಡಿದರು. ಅಲ್ಲಿನ ರೈತರ ಬೆಳೆ ಕೊಳ್ಳುವವರಿಲ್ಲದೆ ಕಸವಾಯಿತು. ಕೆಲವೇ ದಿನಗಳಲ್ಲಿ ಸತ್ಯ ಹೊರಬಿತ್ತು: ಸೌತೆಕಾಯಿಯಲ್ಲಿದ್ದ ತಳಿಯೇ ಬೇರೆ, ರೋಗಿಗಳಲ್ಲಿದ್ದ ತಳಿಯೇ ಬೇರೆ. ತನಿಖೆ ಕೊನೆಗೆ ಮೆಂತ್ಯದ ಮೊಳಕೆಕಾಳಿಗೆ ಬಂದು ನಿಂತಿತು.

ಇಂಥ ತಳಿಗಳನ್ನು ಗುರುತಿಸಲು ನೆರವಾಗುವುದು ಪಿಸಿಆರ್ ಎಂಬ ಜೀನ್ ಪರೀಕ್ಷೆ. ಹುಡುಕುತ್ತಿರುವ ಜೀನ್ ತುಣುಕು ಮಾದರಿಯಲ್ಲಿದ್ದರೆ ಅದು ಪ್ರತಿ ಸುತ್ತಿಗೂ ಇಮ್ಮಡಿಸುತ್ತದೆ. 30 ಸುತ್ತಿಗೆ ಒಂದು ತುಣುಕು ನೂರು ಕೋಟಿ ದಾಟಬಲ್ಲದು. ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಯೂ ಇದರಲ್ಲಿ ಸಿಕ್ಕಿಬೀಳಬಹುದು. ಆದ್ದರಿಂದ ಮಾದರಿಯನ್ನು ಪೋಷಕ ದ್ರವದಲ್ಲಿಟ್ಟು, ಬದುಕಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ಖಚಿತಪಡಿಸಿಕೊಳ್ಳುತ್ತಾರೆ.

ಆದರೆ ಉಳಿದ ಅಡುಗೆಯನ್ನೆಲ್ಲ ಗುಂಡಿಗೆ ಸುರಿದ ಮೇಲೆ ಯಾವ ಪ್ರಯೋಗಾಲಯ ತಾನೇ ಏನು ಮಾಡೀತು? ಪ್ರತಿ ಪದಾರ್ಥದಿಂದ ಒಂದೊಂದು ಶುಭ್ರ ಡಬ್ಬಿಯಷ್ಟು ಫ್ರಿಜ್ಜಿನಲ್ಲಿ ತೆಗೆದಿಟ್ಟರೆ, ಬಡ ಅಡುಗೆಯವನ ಪರವಾಗಿಯೂ ಒಂದು ಸಾಕ್ಷಿ ಉಳಿದೀತು.