ಇದರಾಗ ನನ್ನ ಮಾರಿ ಐತೇನು?

ನಾವು ಅಂದರೆ ಇಬ್ಬರು. ಕ್ಯಾಮೆರಾ ಒಂದೇ. ಬ್ಯಾಡಗಿ ತಾಲ್ಲೂಕಿನ ಒಂದೇ ಕೇರಿಯಲ್ಲಿ ಹುಟ್ಟಿದವರು. ಒಬ್ಬ ರಾಣೆಬೆನ್ನೂರಿನ ಫೋಟೊ ಸ್ಟುಡಿಯೊ ಒಂದರಲ್ಲಿ ಕಸ ಹೊಡೆಯುವ ಕೆಲಸಕ್ಕೆ ಸೇರಿದ, ಇನ್ನೊಬ್ಬ ಹಾವೇರಿಯ ಕಾಲೇಜಿಗೆ ಹೋದ. ಸ್ಟುಡಿಯೊದ ಮಾಲಕ ನಾಲ್ಕು ತಿಂಗಳ ಪಗಾರ ಕೊಡಲಾಗದೆ ಹಳೆಯದೊಂದು ರೀಲಿನ ಕ್ಯಾಮೆರಾ ಕೊಟ್ಟು ಕೈತೊಳೆದುಕೊಂಡ. ಹಾಗಾಗಿ ನಾವು ಫೋಟೊಗ್ರಾಫರ್ ಆದೆವು.

ಅವ್ವ ಅದನ್ನು ತಿರುವಿ ಮುರುವಿ ನೋಡಿ, ‘ಇದೇನಲೇ, ಪಗಾರ ತಾರೋ ಅಂದ್ರ ಡಬ್ಬಿ ತಂದೀಯಲ್ಲ?’ ಅಂದಳು. ನಮ್ಮ ಕಡೆ ಡಬ್ಬಿ ಅಂದರೆ ಮೆಣಸಿನಕಾಯಿ. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಕಡ್ಡಿ, ಡಬ್ಬಿ ಅಂತ ಎರಡು ಜಾತಿ. ಕಡ್ಡಿ ಉದ್ದಕ್ಕೆ, ಸಪೂರ, ಮೈತುಂಬ ಸುಕ್ಕು. ಡಬ್ಬಿ ಗಿಡ್ಡಕ್ಕೆ, ದುಂಡಗೆ. ಮೆಣಸಿನಕಾಯಿಗೂ ಜಾತಿ ಬಿಟ್ಟಿಲ್ಲ ನೋಡಿ ಅಂತ ನಗುತ್ತಿದ್ದೆವು.

2008ರ ಜೂನ್ 10ರಂದು ಆ ಡಬ್ಬಿ ನಮ್ಮ ಹೆಗಲಲ್ಲಿತ್ತು. ಹೊಸ ಸರ್ಕಾರ ಬಂದು ಹದಿನೈದು ದಿನವೂ ಆಗಿರಲಿಲ್ಲ. ಮಳೆ ಬಿದ್ದಿತ್ತು, ಬಿತ್ತಿಗೆ ತಡವಾಗುತ್ತಿತ್ತು, ಗೊಬ್ಬರ ಮಾತ್ರ ಇರಲಿಲ್ಲ. ಹಾವೇರಿಯಲ್ಲಿ ಜನ ಪಾಳಿ ಹಚ್ಚಿದ್ದರು. ನಾವೂ ಪಾಳಿಯಲ್ಲಿದ್ದೆವು. ಆದರೆ ನಮಗೆ ಹೊಲ ಎಲ್ಲಿಯದು? ಊರಿನ ದೊಡ್ಡ ಒಕ್ಕಲಿನವರ ಹೆಸರಿನಲ್ಲಿ ನಿಲ್ಲುವ ಕೂಲಿ. ಅವರು ಮನೆಯಲ್ಲಿ ರೊಟ್ಟಿ ತಿಂದು ಬರುವ ತನಕ ನಮ್ಮ ಕಾಲು ಅವರ ಕಾಲು.

ಬಿಸಿಲಿಗೆ ಜನ ನೆರಳು ಹುಡುಕಿಕೊಂಡು ಹೋಗುವಾಗ ತಮ್ಮ ಜಾಗದಲ್ಲಿ ಚಪ್ಪಲಿ ಬಿಟ್ಟು ಹೋಗಿದ್ದರು. ರಸ್ತೆಯ ಅಂಚಿಗೆ ಚಪ್ಪಲಿಗಳ ಪಾಳಿ. ರಬ್ಬರಿನವು, ಹರಿದು ತಂತಿ ಕಟ್ಟಿದವು, ನಡುನಡುವೆ ತೊಗಲಿನ ಮೆಟ್ಟು. ತೊಗಲಿನ ಮೆಟ್ಟು ಯಾರ ಕೈಯ ಹೊಲಿಗೆ ಅಂತ ನಮಗೆ ನೋಡಿದ ಕೂಡಲೇ ತಿಳಿಯುತ್ತದೆ. ಅಜ್ಜನ ಹೊಲಿಗೆಯವೂ ಎರಡು ಜೊತೆ ಇದ್ದವು. ಒಳಗೆ ಕಾಲಿಡಲು ಬಿಡದವರ ಮನೆಯ ಮೆಟ್ಟುಗಳು ಗೊಬ್ಬರಕ್ಕಾಗಿ ನಮ್ಮ ಬರಿಗಾಲಿನ ಪಕ್ಕ ನಿಂತಿದ್ದವು. ಇದು ಬಹಳ ಚಂದ ಅನ್ನಿಸಿ ರೀಲಿನ ಹೆಚ್ಚುಪಾಲನ್ನು ಚಪ್ಪಲಿಗಳ ಮೇಲೆ ಖರ್ಚು ಮಾಡಿದೆವು.

ಆಮೇಲೆ ಗದ್ದಲ, ಕಲ್ಲು, ಲಾಠಿ. ಆಮೇಲೆ ಗುಂಡು. ಆ ಸಪ್ಪಳ ಪಟಾಕಿಯಂತೆ ಕೇಳಿತು ಅಂತ ಬಹಳ ಜನ ಬರೆಯುತ್ತಾರೆ. ನಮಗೆ ಹಾಗೇನೂ ಕೇಳಲಿಲ್ಲ, ಗುಂಡಿನಂತೆಯೇ ಕೇಳಿತು. ಕೊರಳಲ್ಲಿ ಕ್ಯಾಮೆರಾ ಇದ್ದದ್ದೂ ಮರೆತು ಓಡಿದೆವು. ಆ ಗೋಲಿಬಾರಿನಿಂದ ಇಬ್ಬರು ರೈತರು ಸತ್ತರು. ಹಾವೇರಿಯಲ್ಲಿ ಆ ತಾರೀಖಿಗೆ ರೈತರು ಅವರನ್ನು ನೆನೆಯುತ್ತ ಬಂದಿದ್ದಾರೆ.

ರೀಲು ತೊಳೆದು ನೋಡಿದರೆ ಚಪ್ಪಲಿ, ಚಪ್ಪಲಿ, ಕೊನೆಗೆ ಒಂದು ಓರೆಯಾದ ಆಕಾಶ. ‘ಗೋಲಿಬಾರ್ ಆಗಿದ್ದು ಒಂದೂ ಇಲ್ಲೇನು? ಈ ಮೆಟ್ಟು ಯಾರು ಕೊಳ್ತಾರ?’ ಅಂದ ಸ್ಟುಡಿಯೊದಲ್ಲಿದ್ದವನೊಬ್ಬ. ನಾವು ತಲೆ ತಗ್ಗಿಸಿದೆವು. ಬಹಳ ವರ್ಷ ತಗ್ಗಿಸಿಕೊಂಡೇ ಇದ್ದೆವು. ಅದರ ನಡುವೆ ದಕ್ಷಿಣ ಆಫ್ರಿಕಾದ ಶಾರ್ಪ್‌ವಿಲ್ ಸಂಗತಿ ಓದಿದೆವು. 1960ರ ಮಾರ್ಚ್ 21ರಂದು ಪಾಸ್ ಕಾಯ್ದೆಯ ವಿರುದ್ಧ ನೆರೆದಿದ್ದ ಕರಿಯರ ಮೇಲೆ ಪೊಲೀಸರು ಗುಂಡು ಹಾರಿಸಿ 69 ಮಂದಿಯನ್ನು ಕೊಂದರು. ಇಯಾನ್ ಬೆರ್ರಿ ಎಂಬ ಫೋಟೊಗ್ರಾಫರ್ ಅಲ್ಲಿದ್ದ. ಸತ್ತವರು ತಪ್ಪಿತಸ್ಥರಲ್ಲ ಎಂಬುದಕ್ಕೆ ಮುಂದೆ ಅವನ ಚಿತ್ರಗಳೇ ಸಾಕ್ಷಿ ನುಡಿದವು. ಇದನ್ನು ಓದಿದ ರಾತ್ರಿ ನಾವಿಬ್ಬರೂ ಒಂದು ಆಣೆ ಮಾಡಿದೆವು: ಇನ್ನೊಮ್ಮೆ ಓಡುವುದಿಲ್ಲ, ಕಂಡದ್ದನ್ನೆಲ್ಲ ಹಿಡಿಯುತ್ತೇವೆ.

ಇನ್ನೊಮ್ಮೆ ಬಂದದ್ದು 2024ರ ಮಾರ್ಚ್ 11ಕ್ಕೆ, ಬ್ಯಾಡಗಿಯಲ್ಲಿ. ಅಷ್ಟರಲ್ಲಿ ಕಾಲೇಜು ಓದಿದವನು ಬ್ಯಾಡಗಿಯ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದ. ಸ್ಟುಡಿಯೊದವನು ಸಾಲ ಮಾಡಿ ಡಿಜಿಟಲ್ ಕ್ಯಾಮೆರಾ ತಂದಿದ್ದ. ಸೋಮವಾರ, ಮಾರಾಟದ ದಿನ. ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದೆಲ್ಲ ಮೆಣಸಿನಕಾಯಿ ಬಂದು ಚೀಲಗಳ ಗುಡ್ಡಗಳಾಗಿದ್ದವು. ಟೆಂಡರಿನ ದರ ಹೊರಬಿತ್ತು. ಕ್ವಿಂಟಲಿಗೆ 20,000ದ ಆಸುಪಾಸು ಎಣಿಸಿಕೊಂಡು ಬಂದವರಿಗೆ ಅದರ ಅರ್ಧವೂ ಕಾಣಲಿಲ್ಲ. ಲಾರಿ ಬಾಡಿಗೆ ಕೊಟ್ಟು, ಎರಡು ರಾತ್ರಿ ಚೀಲದ ಮೇಲೆ ಮಲಗಿದ್ದವರು. ಎಪಿಎಂಸಿ ಕಚೇರಿಗೆ ಬೆಂಕಿ ಬಿತ್ತು, ಗಾಡಿಗಳು ಸುಟ್ಟವು, ಬೆಂಕಿ ಆರಿಸಲು ಬಂದ ಗಾಡಿಗೂ ಬೆಂಕಿ.

ನಾವು ಅಂಗಡಿಯ ಮಾಳಿಗೆಯ ಮೇಲಿದ್ದೆವು. ಓಡಲಿಲ್ಲ. ಕಣ್ಣು ಮೂಗು ಸುರಿಯುತ್ತಿದ್ದರೂ ಒತ್ತಿದೆವು, ಒತ್ತಿದೆವು, ಕಾರ್ಡು ತುಂಬುವ ತನಕ ಒತ್ತಿದೆವು. ಹದಿನಾರು ವರ್ಷದ ಸಾಲ ತೀರಿಸಿದಂತೆ ಅನ್ನಿಸಿತು. ನಿಜ ಹೇಳಬೇಕು ಅಂದರೆ ಖುಷಿಯೂ ಆಯಿತು.

ಎರಡನೆಯ ದಿನದಿಂದ ಹುಡುಕಾಟ ಶುರುವಾಯಿತು. ಸಿಸಿಟಿವಿ, ಮೊಬೈಲಿನ ವಿಡಿಯೊ ನೋಡಿ ಗುರುತು ಹಚ್ಚಿ ಜನರನ್ನು ಹಿಡಿಯುತ್ತಿದ್ದರು. ಆ ರಾತ್ರಿ ನಮ್ಮ ಕೇರಿಯ ಹಮಾಲಿ ಅಣ್ಣ ಒಬ್ಬ ಬಾಗಿಲಿಗೆ ಬಂದ. ಒಳಗೆ ಬರಲಿಲ್ಲ, ಕೂರಲಿಲ್ಲ.

‘ತಮ್ಮಾ, ನೀವು ಮ್ಯಾಲ ನಿಂತು ತಗೀತಿದ್ರಿ ಅಂತಲ್ಲ. ಇದರಾಗ ನನ್ನ ಮಾರಿ ಐತೇನು?’

ಹುಡುಕಿದೆವು. ನಾಲ್ಕು ಚಿತ್ರಗಳಲ್ಲಿ ಅವನಿದ್ದ. ಹೊಗೆಯೊಳಗಿಂದ ಚೀಲ ಹೊತ್ತು ಹೊರಗೆ ಹಾಕುತ್ತಿದ್ದಾನೆ. ಮೂರರಲ್ಲಿ ಚೀಲ ಕಾಣುತ್ತದೆ. ನಾಲ್ಕನೆಯದರಲ್ಲಿ ಚೀಲ ಇಳಿಸಿ ಸೊಂಟ ಹಿಡಿದು ನಿಂತಿದ್ದಾನೆ, ಸುತ್ತ ಕಲ್ಲು ಹಿಡಿದವರು. ಆ ಒಂದನ್ನೇ ನೋಡಿದವರಿಗೆ ಅವನೂ ಒಬ್ಬ ಕಲ್ಲಿನವ. ಅವನು ಪರದೆಯ ಮೇಲೆ ತನ್ನ ಮಾರಿಯನ್ನೇ ಬೆರಳಿನಿಂದ ಉಜ್ಜಿ ನೋಡಿದ, ಅಳಿಸೀತೇನೋ ಅನ್ನುವಂತೆ.

ಇಲ್ಲಿ ನಾವು ಎಂಬುದು ಎರಡಾಯಿತು. ಎಲ್ಲವನ್ನೂ ಈಗಲೇ ಅಳಿಸು ಅಂದ ಒಬ್ಬ. 1871ರಲ್ಲಿ ಪ್ಯಾರಿಸ್ ಕಮ್ಯೂನಿನ ಕೂಲಿಕಾರರು ತಮ್ಮ ತಡೆಗೋಡೆಗಳ ಮುಂದೆ ಹೆಮ್ಮೆಯಿಂದ ನಿಂತು ಫೋಟೊ ತೆಗೆಸಿಕೊಂಡಿದ್ದರು, ಸೋತ ಮೇಲೆ ಪೊಲೀಸರು ಅವೇ ಫೋಟೊ ಹಿಡಿದು ಅವರನ್ನು ಹುಡುಕಿದರು, ಶಾರ್ಪ್‌ವಿಲ್ ಒಂದೇ ಓದಿದರೆ ಸಾಕೇನು ಅಂದ. ಇನ್ನೊಬ್ಬ, ಸುಟ್ಟದ್ದೂ ಆದದ್ದೇ ಅಲ್ಲವೇ, ಆ ಕಚೇರಿಯೊಳಗೆ ಜೀವ ಕೈಯಲ್ಲಿ ಹಿಡಿದು ಕೂತ ನೌಕರರೂ ಹೊಟ್ಟೆಪಾಡಿನವರೇ ಅಲ್ಲವೇ ಅಂದ. ಬೆಂಕಿ ಫೋಟೊದಲ್ಲಿ ಬೀಳುತ್ತದೆ, ದರ ಬೀಳುವುದಿಲ್ಲ ಅಂದ ಮೊದಲಿನವ. ಜಗಳ ಬೆಳಗಿನ ತನಕ ನಡೆಯಿತು. ಮೂರನೆಯ ದಿನ ಒಬ್ಬರು ಬಂದು, ಚಹಾ ಕುಡಿಸಿ, ‘ನಿಮ್ಮ ಹತ್ತಿರ ಒಳ್ಳೆ ಫೋಟೊ ಅದಾವಂತ’ ಅಂದರು. ಮನೆಯಲ್ಲಿಲ್ಲ ಅಂದೆವು. ಸುಳ್ಳಲ್ಲ. ಕಾರ್ಡು ಆಗ ಅವ್ವನ ಎಲೆಅಡಿಕೆ ಚೀಲದಲ್ಲಿತ್ತು, ಅವ್ವ ಕೂಲಿಗೆ ಹೋಗಿದ್ದಳು. ಅಳಿಸಿರಲಿಲ್ಲ. ನಾಳೆ ಅಣ್ಣನನ್ನು ಹಿಡಿದರೆ ಚೀಲ ಹೊತ್ತ ಆ ಮೂರು ಚಿತ್ರಗಳಲ್ಲದೆ ಅವನಿಗೆ ಬೇರೆ ಸಾಕ್ಷಿ ಯಾರಿದ್ದರು? ಪುಣ್ಯಕ್ಕೆ ಅವನನ್ನು ಯಾರೂ ಕೇಳಲಿಲ್ಲ. ಆದರೂ ಆ ತಿಂಗಳೆಲ್ಲ ಅವನು ನಮ್ಮನ್ನು ಕಂಡರೆ ದಾರಿ ಬದಲಿಸುತ್ತಿದ್ದ.

ಅವ್ವ ಹೋಗುವ ಕೂಲಿ ಅಂದರೆ ಮೆಣಸಿನಕಾಯಿ ತುಂಬು ಬಿಡಿಸುವುದು. ಬ್ಯಾಡಗಿಯ ಸುತ್ತ ನಮ್ಮ ಕೇರಿಗಳ ಹೆಂಗಸರಿಗೆ ಅದೇ ಅನ್ನ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಗುರುತಿನ ಮುದ್ರೆ ಸಿಕ್ಕಿತು. ಅದರ ಕೆಂಪು ತೆಗೆದು ಹೊರದೇಶಕ್ಕೆ ಕಳಿಸುತ್ತಾರೆ, ತುಟಿಯ ಬಣ್ಣಕ್ಕೂ ಬಳಸುತ್ತಾರೆ ಅಂತಾರೆ. ತುಂಬು ಬಿಡಿಸುವ ಕೈಗೆ ಯಾವ ಮುದ್ರೆಯೂ ಇಲ್ಲ. ಗಲಾಟೆಯಿಂದ ಕೆಲಸ ನಿಂತು, ಮತ್ತೆ ಶುರುವಾದಾಗ ನಾವು ಕ್ಯಾಮೆರಾ ಹಿಡಿದು ಅಲ್ಲಿಗೆ ಹೋದೆವು.

‘ಬೆಂಕಿ ಹತ್ತಿದಾಗ ಮಾಳಗಿ ಏರಿದ್ರಿ. ನಮ್ಮ ಕೈಗೆ ದಿನಾ ಹತ್ತತೈತಿ, ಈಗ ನೆನಪಾತೇನು?’ ಅಂದಳು ಒಬ್ಬ ಚಿಗವ್ವ. ಕೈ ತೋರಿಸಿದಳು. ಉಗುರಿನ ಸಂದಿಯಲ್ಲಿ ಸೀಳು, ಸೀಳಿನೊಳಗೆ ಕೆಂಪು ಪುಡಿ. ಒಂದೆರಡು ತೆಗೆಯುವಷ್ಟರಲ್ಲಿ ನಮಗೆ ಸೀನು ಹತ್ತಿತು. ಒಂದರ ಹಿಂದೊಂದು. ಕ್ಯಾಮೆರಾ ಅಲುಗಿ ಅಲುಗಿ ಒಂದು ಚಿತ್ರವೂ ನೆಟ್ಟಗೆ ಬೀಳಲಿಲ್ಲ. ಹೆಂಗಸರು ಬಿದ್ದು ಬಿದ್ದು ನಕ್ಕರು. ಅವರಲ್ಲಿ ಒಬ್ಬರೂ ಸೀನಲಿಲ್ಲ.

ಅದೇ ಚಿಗವ್ವ ನಗು ನಿಲ್ಲಿಸಿ, ಸೆರಗಿನಿಂದ ಮಾರಿ ಒರೆಸಿಕೊಂಡು, ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ಕೂತಳು. ‘ಕೈದು ಸಾಕು. ನನ್ನ ಮಾರೀದೊಂದು ಸಣ್ಣ ಫೋಟೊ ತಗಿ. ವಿಧವಾ ಪಗಾರದ ಅರ್ಜಿಗೆ ಹಚ್ಚಬೇಕಾಗೈತಿ. ಸ್ಟುಡಿಯೋದಾಗ ರೊಕ್ಕ ಬಾಳ ಕೇಳ್ತಾರ.’

ಉಸಿರು ಬಿಗಿಹಿಡಿದು ತೆಗೆದೆವು. ಅದೊಂದು ನೆಟ್ಟಗೆ ಬಂತು. ಎಂಟು ಪ್ರತಿ ಮಾಡಿ ಕೊಟ್ಟೆವು.