ಹಿತ್ತಾಳೆ ಕೂರಿಸುವ ಕೈ

ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಇಪ್ಪತ್ತಾರು ವರ್ಷ ಇದ್ದದ್ದು ಒಂದೇ ಪದ: ಹೆಲ್ಪರ್. ಕುಣಿಗಲ್ ಕಡೆಯ ಹಳ್ಳಿಯಿಂದ 1989ರಲ್ಲಿ ಬೆಂಗಳೂರಿಗೆ ಬಂದಾಗ ಅವರಿಗೆ ಹದಿನೆಂಟು. ಲಗ್ಗೆರೆಯಲ್ಲಿ ಅಣ್ಣ ಬಾಡಿಗೆಗೆ ಹಿಡಿದಿದ್ದ ಒಂದೇ ಕೋಣೆಯ ಮನೆ. ಬೆಳಿಗ್ಗೆ ಅಲ್ಲಿಂದ ನಡೆದೇ ಪೀಣ್ಯದ ಕಾರ್ಖಾನೆಗೆ. ಕೂರಿಸಿಕೊಂಡು ಕೆಲಸ ಹೇಳಿಕೊಟ್ಟವರು ಯಾರೂ ಇಲ್ಲ. ಪಕ್ಕದ ಪ್ರೆಸ್ಸಿನ ಹೆಂಗಸು ಮಾಡಿದ್ದನ್ನು ನೋಡಿ ಕಲಿತದ್ದೇ ವಿದ್ಯೆ.

ಆಗ ಆ ಶೆಡ್ಡಿನಲ್ಲಿ ಬೇಕಲೈಟ್‌ನದೇ ಕಾರುಬಾರು. ಬೆಲ್ಜಿಯಂನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಲಿಯೋ ಬೇಕಲೆಂಡ್ 1907ರಲ್ಲಿ ರೂಪಿಸಿದ ಈ ವಸ್ತು ಎಂಬತ್ತು ವರ್ಷದ ನಂತರವೂ ಇಲ್ಲಿ ಪ್ಲಗ್ಗು, ಹೋಲ್ಡರು, ಕನೆಕ್ಟರುಗಳಾಗಿ ಅಚ್ಚಿನಿಂದ ಹೊರಬೀಳುತ್ತಿತ್ತು. 160 ಡಿಗ್ರಿ ಆಸುಪಾಸು ಕಾದ ಡೈಯ ತೂತುಗಳಲ್ಲಿ ಮೊದಲು ಹಿತ್ತಾಳೆ ಪಿನ್ನುಗಳನ್ನು ಒಂದೊಂದಾಗಿ ನಿಲ್ಲಿಸಬೇಕು. ಆಮೇಲೆ ಕಂದು ಪುಡಿಯನ್ನು ಅಳತೆ ಡಬ್ಬಿಯಲ್ಲಿ ಮೊಗೆದು ಸುರಿದು ಪ್ರೆಸ್ ಒತ್ತಬೇಕು. ಎರಡು ಮೂರು ನಿಮಿಷದಲ್ಲಿ ಪುಡಿ ಕರಗಿ, ಪಿನ್ನಿನ ಸುತ್ತ ಹರಿದು, ಕಲ್ಲಾಗುತ್ತದೆ. ಒಮ್ಮೆ ಗಟ್ಟಿಯಾದ ಬೇಕಲೈಟ್ ಮತ್ತೆ ಕರಗುವುದಿಲ್ಲ. ಪಿನ್ನು ಓರೆಯಾಗಿ ನಿಂತಿದ್ದರೆ ಹಿತ್ತಾಳೆಯೂ ಹೋಯಿತು, ಪುಡಿಯೂ ಹೋಯಿತು.

ಸಂಜೆ ಮನೆಗೆ ಬಂದರೆ ಸೀರೆಯಲ್ಲೆಲ್ಲ ಕಾರ್ಬಾಲಿಕ್ ಸೋಪಿನಂಥ ಘಾಟು. ಅತ್ತಿಗೆ ಬಾಗಿಲಲ್ಲೇ ಬಿಸಿನೀರು ಇಟ್ಟಿರುತ್ತಿದ್ದರು.

ಹಿತ್ತಾಳೆಗೂ ಪ್ಲಾಸ್ಟಿಕ್ಕಿಗೂ ಅಂಟಿನ ನಂಟಿಲ್ಲ ಎಂಬುದು ಅವರಿಗೆ ಮೊದಲ ತಿಂಗಳಲ್ಲೇ ತಿಳಿಯಿತು. ಪಿನ್ನಿನ ಬುಡದಲ್ಲಿ ಅಡ್ಡ ಉದ್ದ ಗೀರಿದ ಗೆರೆಗಳಿರುತ್ತವೆ, ಚಪ್ಪಟೆ ಟರ್ಮಿನಲ್ಲಿಗಾದರೆ ಒಂದು ತೂತು. ಕರಗಿದ ಪ್ಲಾಸ್ಟಿಕ್ ಅದರೊಳಗೆ ಹೊಕ್ಕು ಗಟ್ಟಿಯಾದಾಗಷ್ಟೇ ಹಿಡಿತ. ಗೆರೆ ಸವೆದ ಪಿನ್ನು ಸಾಕೆಟ್ಟಿನಿಂದ ಎಳೆದಾಗ ಕಿತ್ತುಕೊಂಡೇ ಬರುತ್ತದೆ. ಹಾಗಾಗಿ ಪ್ರತಿ ಪಿನ್ನನ್ನೂ ಎತ್ತಿಕೊಳ್ಳುವಾಗ ಹೆಬ್ಬೆರಳಲ್ಲಿ ಅರ್ಧ ಸುತ್ತು ಹೊರಳಿಸುವ ಅಭ್ಯಾಸ ಅವರಿಗಾಯಿತು. ಯಾರೂ ಹೇಳಿದ್ದಲ್ಲ, ಯಾವ ಕೆಲಸದ ಹಾಳೆಯಲ್ಲೂ ಬರೆದದ್ದಲ್ಲ.

ತೊಂಬತ್ತರ ದಶಕದ ನಡುವೆ ನೈಲಾನ್ ಬಂತು, ಜೊತೆಗೆ ನಿಂತ ಭಂಗಿಯ ಇಂಜೆಕ್ಷನ್ ಯಂತ್ರ. ಅಚ್ಚಿನ ಕೆಳಭಾಗ ಮಲಗಿದ ಹಾಗಿರುವುದರಿಂದ ಇಟ್ಟ ಟರ್ಮಿನಲ್ ತನ್ನ ಭಾರಕ್ಕೇ ಕೂತಿರುತ್ತದೆ. ಎರಡು ಮೂರು ನಿಮಿಷದ ಕೆಲಸ ಅರ್ಧ ನಿಮಿಷಕ್ಕಿಳಿಯಿತು. ನಾಲ್ಕು ಟರ್ಮಿನಲ್ ಕೂರಿಸು, ಕೈ ಹೊರಗೆಳೆ, ಎರಡೂ ಕೈಯಿಂದ ಎರಡು ಗುಂಡಿ ಒತ್ತು. ಒಂದು ಟರ್ಮಿನಲ್ ಜಾರಿದ್ದರೂ ಅದರ ಮೇಲೇ ಮುಚ್ಚಿಕೊಂಡು ಲಕ್ಷಗಟ್ಟಲೆ ಬೆಲೆಯ ಅಚ್ಚಿನ ಅಂಚು ಮುರಿಯುತ್ತದೆ. ಅಂಥ ಅಚ್ಚು ಮಾಡುವವರಿಗೆ ಕಲಿಯಲು ಶಾಲೆಯಿತ್ತು. ಡೆನ್ಮಾರ್ಕ್ ನೆರವಿನಿಂದ 1972ರಲ್ಲಿ ರಾಜಾಜಿನಗರದಲ್ಲಿ ಶುರುವಾದ ಸರ್ಕಾರಿ ತರಬೇತಿ ಕೇಂದ್ರ ಜಿಟಿಟಿಸಿಯಲ್ಲಿ ತರಬೇತಾದ ಹುಡುಗರಿಗೆ ಪ್ರಮಾಣಪತ್ರವಿತ್ತು, ಅದಕ್ಕೆ ತಕ್ಕ ಸಂಬಳವಿತ್ತು. ಆ ಅಚ್ಚನ್ನು ದಿನಕ್ಕೆ ಎಂಟುನೂರು ಸಲ ಮುರಿಯದೆ ಕಾಯ್ದ ಕೈಗಳಿಗೆ ಅದ್ಯಾವುದೂ ಇರಲಿಲ್ಲ.

ನೈಲಾನ್‌ನ ಗುಣ ವಿಚಿತ್ರ. ಗಾಳಿಯ ತೇವವನ್ನೆಲ್ಲ ಹೀರಿಕೊಳ್ಳುತ್ತದೆ. ಅಚ್ಚಿಗೆ ಹೋಗುವ ಮೊದಲು ಕಾಳನ್ನು ಗಂಟೆಗಟ್ಟಲೆ ಒಣಗಿಸದಿದ್ದರೆ ಮಾಲಿನ ಮೇಲೆ ಬೆಳ್ಳಿಗೆರೆ ಎದ್ದು ಬರುತ್ತದೆ. ಆದರೆ ಅಚ್ಚಿನಿಂದ ಬಂದ ಹೊಸ ಮಾಲು ತೀರಾ ಒಣಗಿ, ಕನೆಕ್ಟರಿನ ಕೊಂಡಿ ಒತ್ತಿದರೆ ಚಟ್ಟನೆ ಮುರಿಯುತ್ತದೆ. ಆಗ ಪಾಲಿಥಿನ್ ಚೀಲಕ್ಕೆ ಮಾಲು ತುಂಬಿ, ಒಂದಿಷ್ಟು ನೀರು ಚಿಮುಕಿಸಿ, ಬಾಯಿ ಕಟ್ಟಿ ಇಡಬೇಕು. ಮೊಳಕೆಗೆ ಕಾಳು ಕಟ್ಟಿಟ್ಟ ಹಾಗೆ ಎಂದು ಹೆಂಗಸರು ಹೇಳಿಕೊಳ್ಳುತ್ತಿದ್ದರು.

ಒಂದು ಮಳೆಗಾಲ ಇಡೀ ಲಾಟು ಗಿರಾಕಿಯಿಂದ ವಾಪಸ್ ಬಂತು. ಕನೆಕ್ಟರುಗಳು ನೋಡಲು ಚೆನ್ನಾಗಿವೆ, ಕರೆಂಟು ಮಾತ್ರ ಹಾಯುತ್ತಿಲ್ಲ. ಯಂತ್ರದ ಒತ್ತಡ ಇಳಿಸಿದರು, ಬಿಸಿ ಬದಲಿಸಿದರು, ಅಚ್ಚನ್ನೇ ಬಿಚ್ಚಿ ಟೂಲ್ ರೂಮಿಗೆ ಕಳಿಸಿದರು. "ಟರ್ಮಿನಲ್ ಸಡಿಲ ಕೂರ್ತಿದೆ ಸಾರ್" ಎಂದು ಅವರು ಮೊದಲ ದಿನವೇ ಹೇಳಿದ್ದರು. ಮೂರನೆಯ ದಿನ ಯಾರೋ ಮೈಕ್ರೋಮೀಟರ್ ಹಿಡಿದರು. 0.8 ಮಿಲಿಮೀಟರ್ ಇರಬೇಕಾದ ತಗಡು 0.75 ಇತ್ತು. 280 ಡಿಗ್ರಿಯಲ್ಲಿ ಎಣ್ಣೆಯಂತೆ ಹರಿಯುವ ನೈಲಾನ್‌ಗೆ ತಲೆಗೂದಲಿಗಿಂತ ತೆಳುವಾದ ಆ ಸಂದೇ ಸಾಕಾಗಿತ್ತು. ಟರ್ಮಿನಲ್ಲಿನ ಮೇಲೆ ಕಣ್ಣಿಗೆ ಕಾಣದ ಪೊರೆಯಾಗಿ ಹಬ್ಬಿತ್ತು. ಉಗುರಿನಿಂದ ಕೆರೆದರೆ ಸಿಪ್ಪೆಯಂತೆ ಎದ್ದು ಬಂತು. ವರದಿಯಲ್ಲಿ ದೋಷ ಪತ್ತೆ ಮಾಡಿದವರ ಜಾಗದಲ್ಲಿ ಬೇರೆ ಹೆಸರಿತ್ತು. ಇಪ್ಪತ್ತನೇ ಒಂದು ಮಿಲಿಮೀಟರನ್ನು ಬೆರಳ ತುದಿಯಲ್ಲಿ ಹಿಡಿಯುವುದು ಕುಶಲ ಕೆಲಸವಲ್ಲವೆಂದರೆ ಇನ್ನಾವುದು?

2014ರ ಮಾರ್ಚ್‌ನಲ್ಲಿ ಮೆಟ್ರೊ ಪೀಣ್ಯ ಮುಟ್ಟಿತು. ಮರುವರ್ಷ ಹಾಜರಿ ಪುಸ್ತಕ ಕಂಪ್ಯೂಟರಿಗೆ ಹೋದಾಗ ಅವರ ಪದನಾಮವೂ ಬದಲಾಯಿತು, ಗುಣಮಟ್ಟ ತಪಾಸಣೆ ಎಂದು. ನಿಜವಾದ ಬದಲಾವಣೆ ಬಂದದ್ದು 2020ರ ಏಪ್ರಿಲ್ 1ರಿಂದ ಜಾರಿಯಾದ, ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮದಿಂದ. ಹೆಚ್ಚಿನ ಬೈಕುಗಳ ಕಾರ್ಬ್ಯುರೇಟರ್ ಹೋಗಿ ಇಂಧನ ಇಂಜೆಕ್ಷನ್ ಬಂತು; ಒಂದೊಂದು ಬೈಕಿಗೂ ಹೊಸ ಸೆನ್ಸರುಗಳು, ಸೆನ್ಸರಿಗೊಂದು ನೀರು ಹೊಗದ ಕನೆಕ್ಟರು. ನಿಯಮ ಜಾರಿಯಾಗುವ ವಾರದ ಹಿಂದೆಯಷ್ಟೇ ಲಾಕ್‌ಡೌನ್ ಬಿದ್ದು ಪೀಣ್ಯದ ರಸ್ತೆಗಳು ಭಣಭಣ. ಮತ್ತೆ ಬಾಗಿಲು ತೆರೆದಾಗ ಅಕ್ಕಪಕ್ಕದ ಕೆಲವು ಸಣ್ಣ ಶೆಡ್ಡುಗಳ ಬೀಗ ಹಾಗೇ ಇತ್ತು. ಇವರ ಕಾರ್ಖಾನೆಗೆ ರೋಬೋ ಬಂತು. ಸುರುಳಿಯಿಂದ ಟರ್ಮಿನಲ್ ಕತ್ತರಿಸಿ, ಕ್ಯಾಮೆರಾಕ್ಕೆ ತೋರಿಸಿ, ಅಚ್ಚಿನಲ್ಲಿ ಕೂರಿಸುತ್ತದೆ. ಬೆರಳು ಸುಡುವ ಕೆಲಸ ತಪ್ಪಿದ್ದು ಒಳ್ಳೆಯದೇ ಎಂದು ಅವರು ಮನಸಾರೆ ಹೇಳುತ್ತಾರೆ. ಆರು ಹೆಂಗಸರಿದ್ದ ಸಾಲಿನಲ್ಲಿ ಈಗ ಒಬ್ಬಳೇ ಹುಡುಗಿ, ಡಿಪ್ಲೊಮಾ ಓದಿದವಳು.

ಕಳೆದ ವರ್ಷ ಒಂದು ಮಧ್ಯಾಹ್ನ ಆ ಹುಡುಗಿಯ ಯಂತ್ರದಿಂದ ಬಂದ ಮಾಲನ್ನು ಕೈಗೆತ್ತಿಕೊಂಡವರೇ ಅವರು ತಟ್ಟೆಯನ್ನು ಬದಿಗಿಟ್ಟರು.

"ಕ್ಯಾಮೆರಾ ಓಕೆ ಅಂತಿದೆ ಅಕ್ಕ" ಎಂದಳು ಅವಳು.

ಸುರುಳಿಯ ತುದಿಯಿಂದ ಒಂದು ಟರ್ಮಿನಲ್ ಕತ್ತರಿಸಿ ಅವಳ ಅಂಗೈಯಲ್ಲಿಟ್ಟರು. "ಕಣ್ಣು ಮುಚ್ಕೊಂಡು ಅಂಚಿನ ಮೇಲೆ ಉಗುರಾಡ್ಸು ಕಂದಾ."

ಹುಡುಗಿ ಒಮ್ಮೆ ಆಡಿಸಿದಳು, ಏನೂ ತಿಳಿಯಲಿಲ್ಲ. ಹೊರಳಿಸಿ ಮತ್ತೊಮ್ಮೆ ಆಡಿಸಿದಳು. "ಈ ಕಡೆ ಚೂರು ತರಿತರಿ ಇದೆ."

ಇಬ್ಬರೂ ಸೇರಿ ಸುರುಳಿಯನ್ನು ಯಂತ್ರದಿಂದ ಇಳಿಸಿದರು.